ಖಾಸಿಂಸಾಬರ ಶುಕ್ರವಾರದ ಎಂಜಿನ್

ಬೆಟಗೇರಿಯ ನೇಕಾರರ ಓಣಿಯಲ್ಲಿ ಖಾಸಿಂಸಾಬರ ಗ್ಯಾರೇಜು ಎಂದರೆ ತಗಡಿನ ಒಂದು ಛಪ್ಪರ, ಅದರ ಹಿಂದೆ ಮನೆ, ನಡುವೆ ಒಂದು ಗೋಣಿತಟ್ಟಿನ ಪರದೆ. ಮೊಪೆಡ್ಡಾಗಲಿ, ಹತ್ತಿಗೆ ಔಷಧ ಹೊಡೆಯುವ ಪಂಪಾಗಲಿ, ಎಣ್ಣೆ ಬೆರೆಸಿದ ಪೆಟ್ರೋಲು ಕುಡಿದು ಹೊಗೆ ಉಗುಳುವ ಎಂಜಿನ್ ಕೈಕೊಟ್ಟರೆ ಅಸುಂಡಿ, ಬಿಂಕದಕಟ್ಟಿಯವರೂ ಇಲ್ಲಿಗೇ ಬರಬೇಕು. ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಬಂದವರು ಬೈಸಿಕೊಂಡೇ ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಹಿಂಡುವ ಎಮ್ಮೆ ಒದ್ದರೆ ಯಾರಾದರೂ ಮಾರುತ್ತಾರೆಯೇ?

ಮಗ ಶೇಖಸಾಬನದು ಬೇರೆ ಹುಚ್ಚು. ಕಾಲೇಜಿನ ಪುಂಡಲೀಕಪ್ಪ ಮಾಸ್ತರರು ಹುಡುಗರಿಂದ ಎರಡು ಮೊಳದ ಆಟದ ದೋಣಿ ಮಾಡಿಸಿದ್ದರು. ಅದಕ್ಕೆ ಮುಂಬಯಿಯಿಂದ ತರಿಸಿದ, ಮುಷ್ಟಿಯಲ್ಲಿ ಅಡಗುವ ಎಂಜಿನ್. ಔಡಲೆಣ್ಣೆ ಬೆರೆಸಿದ ಸ್ಪಿರಿಟ್ ಅದರ ಆಹಾರ. ಇನ್ನಷ್ಟು ಜೋರು ಓಡಬೇಕು ಎಂದು ಮಾಸ್ತರರು ಅದನ್ನು ಕೊಟ್ಟಾಗ, ಶೇಖಸಾಬ ಹೊಗೆ ಹೊರಬೀಳುವ ಕಿಂಡಿಯನ್ನು ಕೂದಲೆಳೆಯಷ್ಟು ಕಾನಸೆಂಬ ಸಣ್ಣ ಅರದಿಂದ ಉಜ್ಜಿ, ಓಡಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಉಜ್ಜಿದ. ತಿಂಗಳುಗಟ್ಟಲೆ ಅದೇ ಕೆಲಸ. ಕಡೆಗೆ ಅದರಿಂದ ಒಂದು ಸ್ವರ ಎಬ್ಬಿಸಿದ. ಉಣ್ಣುವಾಗಲೂ ಅದನ್ನೇ ಗುನುಗುತ್ತಿದ್ದ. ಉಸಿರಾಟದ ಬೇನೆ ಅವನಿಗೆ ಚಿಕ್ಕಂದಿನಿಂದ ಇತ್ತು. ಎಪ್ಪತ್ತೆಂಟನೆಯ ಇಸವಿಯ ಚಳಿಗಾಲ ಅವನನ್ನು ಉಳಿಸಲಿಲ್ಲ.

ಅಂದಿನಿಂದ ಶುಕ್ರವಾರದ ನಮಾಜು ಮುಗಿಸಿ ಬಂದರೆ ಖಾಸಿಂಸಾಬರು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಉದ್ದಕ್ಕೆ ಸೀಳಿದ ಡ್ರಮ್ಮಿಗೆ ನೀರು ತುಂಬಿ, ದೋಣಿಯನ್ನು ಅದರಲ್ಲಿಳಿಸಿ ಕಟ್ಟಿ, ಎಂಜಿನ್ನಿನ ಗಾಲಿಗೆ ದಾರ ಸುತ್ತಿ ಎಳೆಯುತ್ತಿದ್ದರು. ಆ ಸ್ವರ ಏಳುತ್ತಿತ್ತು. ಔಡಲೆಣ್ಣೆಯ ಹೊಗೆಯಲ್ಲಿ, ಮಗ ಬಂದು ತಮ್ಮ ಬೆನ್ನ ಹಿಂದೆ ನಿಂತದ್ದು ಅವರಿಗೆ ಗೊತ್ತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಹೋಗಿಬಿಟ್ಟಾನು ಎಂಬ ಹೆದರಿಕೆ. ಆ ಸ್ವರಕ್ಕೆ ಕಿವಿಗೊಟ್ಟು ಪಕ್ಕದ ಮನೆಯ ಮಗ್ಗವೂ ನಿಲ್ಲುತ್ತಿತ್ತು.

ಆ ಮನೆಯ ತಿಪ್ಪವ್ವ ಒಂದು ದಿನ ಖಾಸಿಂಸಾಬರ ಹೆಂಡತಿ ದಾವಲಬಿಯನ್ನು ಕರೆದು, "ಸಾಬಗ ಗಾಳಿ ಬಡದೈತಿ ನೋಡವಾ. ಲಕ್ಷ್ಮೇಶ್ವರದ ದರ್ಗಾಕ್ಕ ಹೋಗಿ ಒಂದ ತಾಯತಾ ತಂದ ಕಟ್ಟು" ಎಂದಳು. ದಾವಲಬಿ ಹೋಗಿ ತಂದಳು. ತಂದು ತನ್ನ ತೋಳಿಗೇ ಕಟ್ಟಿಕೊಂಡಳು.

ಎಂಜಿನ್ ಕಾಲೇಜಿನದು. ಮಾಸ್ತರರು ಕೇಳಿದಾಗಲೆಲ್ಲ ಖಾಸಿಂಸಾಬರು "ಮುಂಬೈಯಿಂದ ಪಿಸ್ಟನ್ ರಿಂಗ್ ಬಂದಿಲ್ರಿ" ಎನ್ನುತ್ತಿದ್ದರು. ಮಾಸ್ತರರು ಹೂಂಗುಟ್ಟಿ ಹೋಗುತ್ತಿದ್ದರು. ಹೀಗೇ ಎರಡು ವರ್ಷ ಸಂದಿತು. ಎಂಬತ್ತರಲ್ಲಿ ಒಂದು ದಿನ ಬಂದವರು ಸ್ಟೂಲು ಎಳೆದುಕೊಂಡು ಕುಳಿತೇಬಿಟ್ಟರು.

"ಖಾಸಿಂಸಾಬ್ರ, ಈ ಸಲ ಡಂಬಳದ ಕೆರ್ಯಾಗ ದೋಣಿ ಓಡಸೂದೈತ್ರಿ. ಹುಬ್ಬಳ್ಳಿ ಹುಡುಗರ ದೋಣಿ ಭಾಳ ಜೋರ ಐತಿ. ಚೂರ ಕಾನಸ ಹೊಡದ ಕೊಟ್ಟರ ನಮ್ಮ ಹುಡುಗ್ರೂ ಗೆಲ್ತಾರ."

"ರಿಂಗ್ ಬಂದಿಲ್ರಿ."

"ಇಂಥಾ ಸಣ್ಣ ಎಂಜಿನ್ನಿಗೆ ರಿಂಗ ಇರೂದ ಇಲ್ಲಂತ ನಿಮ್ಮ ಶೇಖಸಾಬನೇ ನನಗ ಬಿಚ್ಚಿ ತೋರ್ಸಿದ್ದರಿ" ಎಂದರು ಮಾಸ್ತರರು, ಮೆಲ್ಲಗೆ.

ಖಾಸಿಂಸಾಬರು ಎದುರಿನ ಮೊಪೆಡ್ಡಿನ ನಟ್ಟು ಬಿಗಿಯತೊಡಗಿದರು. ಕಿಂಡಿ ಒಂದು ಕೂದಲು ಹಿಗ್ಗಿದರೂ ಸ್ವರ ಬೇರೆಯಾಗುತ್ತದೆ. ಉಜ್ಜಿ ಹೋದ ಲೋಹ ಮತ್ತೆ ಬಂದು ಕೂಡುವುದಿಲ್ಲ. ಮಗನನ್ನು ಒಮ್ಮೆ ಮಣ್ಣಿಗಿಟ್ಟದ್ದು ಸಾಲದೆಂದು ಈಗ ತಮ್ಮ ಕೈಯಾರೆ ಇನ್ನೊಮ್ಮೆ ಇಡಬೇಕೇ?

ಮಾಸ್ತರರು ಎದ್ದು ಹೋದ ಮೇಲೆ ದಾವಲಬಿ ಪರದೆಯ ಹಿಂದಿನಿಂದ, "ಕಾನಸ ಹೊಡದಬಿಡ್ರಿ" ಎಂದಳು.

"ನಿನಗೇನ ತಿಳಿತೈತಿ? ಅದು ನಮ್ಮ ಹುಡುಗನ ದನಿ."

"ಅದು ಸುರು ಆಗೂದು ನಿಮಗ ಕೇಳತೈತಿ. ನನಗ ನಿಲ್ಲೂದ ಕೇಳತೈತ್ರಿ."

ಸ್ಪಿರಿಟ್ಟಿನ ಟಾಕಿ ಬರಿದಾಗುತ್ತ ಬಂದಂತೆ ಇಂಥ ಎಂಜಿನ್ನಿನ ಸ್ವರ ಮೇಲೇರುತ್ತದೆ. ಎಣ್ಣೆ ಸಾಲದೆ ಬರೀ ಗಾಳಿ ಎಳೆಯುತ್ತ, ಕೀರಲಾಗಿ, ಥಟ್ಟನೆ ಕಡಿದುಹೋಗುತ್ತದೆ. ಖಾಸಿಂಸಾಬರಿಗೆ ಅದು ಟಾಕಿ ಮುಗಿದ ಗುರುತು, ಅಷ್ಟೇ. ಆದರೆ ಶೇಖಸಾಬ ಹೋದಾಗ ಅವನ ತಲೆ ಇದ್ದದ್ದು ತಾಯಿಯ ತೊಡೆಯ ಮೇಲೆ. ಇವರು ಡಾಕ್ಟರನ್ನು ಕರೆತರಲು ಗದಗಿಗೆ ಓಡಿದ್ದರು.

"ಅವನ ಉಸಿರೂ ಹಂಗ ಮ್ಯಾಲ ಹೋಗಿ ಕಡೀತ್ರಿ" ಎಂದಳು ದಾವಲಬಿ. "ವಾರಾ ವಾರಾ ಒಲಿ ಮುಂದ ಕುಂತ ಅದನ್ನ ಕೇಳತೀನಿ."

ಎರಡು ವರ್ಷ ತಾವು ಮಗನನ್ನು ಕರೆಸಿಕೊಂಡದ್ದಷ್ಟೇ ಖಾಸಿಂಸಾಬರಿಗೆ ಗೊತ್ತಿತ್ತು. ಪರದೆಯ ಆಚೆ ಅವನು ಸಾಯುತ್ತಲೇ ಇದ್ದ.

ಶುಕ್ರವಾರ ನಮಾಜಿನಿಂದ ಬಂದು ಅವರು ಮಗನ ಸಣ್ಣ ಕಾನಸನ್ನೇ ಎತ್ತಿಕೊಂಡರು. ಕಿಂಡಿಯನ್ನು ಕೂದಲೆಳೆಯಷ್ಟು ಉಜ್ಜಿದರು. ಪುಡಿಯನ್ನು ಬಟ್ಟೆಯಿಂದ ಒರೆಸಿ, ಎಂಜಿನ್ ಜೋಡಿಸಿ, ನೀರಿಗಿಳಿಸಿ ದಾರ ಎಳೆದರು. ಜೋರಾದ, ಗಡುಸಾದ ಸದ್ದು. ಯಾರದೋ ಮನೆಯ ಹುಡುಗನ ದನಿ. ಬೆನ್ನ ಹಿಂದೆ ಯಾರೂ ಬಂದು ನಿಲ್ಲಲಿಲ್ಲ.

ಮೊದಲ ಸಲ ಅವರು ತಿರುಗಿ ನೋಡಿದರು. ಪರದೆ ಸರಿಸಿ ದಾವಲಬಿ ನಿಂತಿದ್ದಳು. ಕೊನೆಗೆ ಬರಲಿದ್ದ ಆ ಕೂಗಿಗೆ ಹೆದರಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಟಾಕಿಯಲ್ಲಿ ಇನ್ನೂ ಅರ್ಧ ಇತ್ತು. ಖಾಸಿಂಸಾಬರು ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ಹೆಬ್ಬೆರಳು ಒತ್ತಿದರು. ಸದ್ದು ತಗ್ಗಿ, ತಗ್ಗಿ, ಸುಮ್ಮನಾಯಿತು.

ದಾವಲಬಿ ಕಿವಿಯಿಂದ ಕೈ ತೆಗೆದಳು. "ಹಿಂಗೂ ನಿಲ್ಲತಿತ್ತೇನ್ರಿ ಅದು?"

"ನಿಲ್ಲತಿತ್ತು."

"ಮತ್ತ ಇಷ್ಟ ದಿನಾ ಯಾಕ ಹಿಂಗ ನಿಲ್ಲಸಲಿಲ್ಲ?"

ಖಾಸಿಂಸಾಬರು ಬೆರಳಿನ ಎಣ್ಣೆಯನ್ನು ಒರೆಸಿಕೊಂಡರು.

"ಕಡೀ ಹನಿ ತನಕಾ ಅಂವ ನನ್ನ ಕೂಡ ಇರಲಿ ಅಂತ" ಎಂದರು.