ಕೊಂಡಿಯಿಲ್ಲದ ಚೇಳು

ಮುಖ ಮುಚ್ಚಿದರೆ ಮನುಷ್ಯ ಮುಚ್ಚಿಹೋದ ಎಂದು ಓದಿದವರು ನಂಬುತ್ತಾರೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದರೆ ನಮ್ಮ ಬೀದಿಯಲ್ಲಿ ಯಾರಾದರೂ ಮುಸುಕು ಹಾಕಿಕೊಂಡು ಹೋದರೂ ಹಿಮ್ಮಡಿ ನೋಡಿ ಇಂಥವರ ಸೊಸೆ ಎಂದು ಹೇಳಬಲ್ಲೆ. ಜಾಣತನವೇನಲ್ಲ. ಕೊಳಾಯಿ ಮುಂದೆ ಬಿಂದಿಗೆ ಇಟ್ಟುಕೊಂಡು ಕಾದವರಿಗೆಲ್ಲ ಬರುವ ವಿದ್ಯೆ ಅದು.

ಬಾಣಸವಾಡಿಯ ಹಳೇ ಊರು ನಮ್ಮದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮನೆ ಮೇಲೆ ಮನೆ. ಹಳಬರೆಲ್ಲ ಒಂದಲ್ಲ ಒಂದು ಕಡೆಯಿಂದ ನೆಂಟರೇ. ನಮ್ಮ ಪೈಕಿ ಡಾಕ್ಟರ್ ಓದಿಗೆ ಮೊದಲು ಹೋದವಳು ನನ್ನ ಮಗಳ ಮಗಳು ಸಿಂಧು. ಜೀವನ್ ಬಿಮಾ ನಗರದಲ್ಲಿ ಬೆಳೆದವಳು, ನಮ್ಮ ಬೀದಿಗೆ ಬರುವುದು ಹಬ್ಬಕ್ಕೆ. ಆದರೂ ಬೀದಿಯ ಎಲ್ಲ ಫೋನುಗಳಲ್ಲೂ ಅವಳಿದ್ದಾಳೆ. ಬಿಳಿ ಕೋಟು ತೊಟ್ಟಿದ್ದು, ಕ್ಯಾಂಟೀನಿನಲ್ಲಿ ಪಫ್ಸ್ ತಿಂದದ್ದು, ಎಲ್ಲವನ್ನೂ ಹಾಕುತ್ತಾಳೆ. ನನಗೆ ಬೇಜಾರಿರಲಿಲ್ಲ. ಹೊಸ ಸೀರೆ ಉಟ್ಟ ದಿನ ಬೇಡದ ಅಂಗಡಿಗೂ ಹೋಗಿ ಬಂದವರು ನಾವು.

ಹೋದ ಚಳಿಗಾಲದಲ್ಲಿ ಒಂದು ದಿನ ಮೇಲಿನ ಮನೆಯ ಬಾಡಿಗೆಯವಳು ಸೆಲ್ವಿ ಫೋನು ಹಿಡಿದು ಇಳಿದು ಬಂದಳು. "ಅಮ್ಮಾ, ನಿಮ್ಮ ಡಾಕ್ಟ್ರಮ್ಮ ಏನು ಹಾಕಿದಾರೆ ನೋಡಿ." ಒಂದು ಮುದಿ ಕೈ, ಅದನ್ನು ಹಿಡಿದ ಎಳೆಯ ಕೈ. ಕೆಳಗಿನದನ್ನು ಸೆಲ್ವಿಯೇ ಓದಿದಳು: "ಟಿಬಿ ವಾರ್ಡಿನಲ್ಲಿ ನನ್ನ ಮೊದಲ ದಿನ. ಈ ಅಜ್ಜಿಯ ಕೈ ನನಗೆ ಧೈರ್ಯ ಕಲಿಸಿತು." ಮುಖವಿಲ್ಲ, ಹೆಸರಿಲ್ಲ. ಮೊಣಕೈಯ ಕೆಳಗೆ ಹಸಿರು ಹಚ್ಚೆ, ಒಂದು ಚೇಳು. ಚೇಳಿಗೆ ಕೊಂಡಿಯಿಲ್ಲ.

ಆ ಕೈಯನ್ನು ಒಂದು ಕಾಲದಲ್ಲಿ ಹಿಡಿದು ಕೂತಿದ್ದವಳು ನಾನು. ನಮ್ಮದೇ ಬೀದಿಯ ಪಾಪಮ್ಮನ ಕೈ ಅದು. ಆಗ ಲಂಗ ಉಡುವ ವಯಸ್ಸು ನನಗೂ ಅವಳಿಗೂ. ಹಚ್ಚೆ ಹಾಕುವವಳು ನಮ್ಮ ಜಗಲಿಗೆ ಬಂದಿದ್ದಳು. ಪಾಪಮ್ಮ ಓಡದ ಹಾಗೆ ಮಣಿಕಟ್ಟು ಒತ್ತಿ ಹಿಡಿಯುವುದು ನನ್ನ ಕೆಲಸ. ಮೈ, ಕಾಲು ಎಲ್ಲ ಮುಗಿದು ಕೊಂಡಿಗೆ ಬರುವಷ್ಟರಲ್ಲಿ ನನ್ನ ಕೈ ಕಚ್ಚಿ, ಬೇಲಿ ಹಾರಿ ಓಡಿಹೋದಳು. ಚೇಳು ಹಾಗೆಯೇ ಉಳಿಯಿತು. ಅದನ್ನು ನೋಡಿ ನಗದವರು ನಮ್ಮೂರಲ್ಲಿಲ್ಲ. ಸಿಂಧು ಆ ಕೈ ಬಿಟ್ಟು ಬರೀ ಹೆಸರು ಹಾಕಿದ್ದರೂ ಇಷ್ಟು ಗುರುತು ಸಿಗುತ್ತಿರಲಿಲ್ಲ. ಪಾಪಮ್ಮ ಎನ್ನುವವರು ನಮ್ಮ ಕಡೆ ಬೀದಿಗೆ ನಾಲ್ಕು ಜನ.

ಹೊಸಕೋಟೆಗೆ ಮಗಳ ಮನೆಗೆ ಹೋಗುತ್ತೇನೆ ಎಂದು ನನಗೂ ಹೇಳಿ ಹೋಗಿದ್ದಳು ಅವಳು. ಸಂಜೆಯೊಳಗೆ ಬೀದಿಗೆಲ್ಲ ನಿಜ ತಿಳಿಯಿತು. ಇನ್ನು ಯಾರಿಗೂ ಅಂಟುವುದಿಲ್ಲ, ಮಾತ್ರೆ ಮಾತ್ರ ತಿಂಗಳುಗಟ್ಟಲೆ ನುಂಗಬೇಕು, ತಪ್ಪಿಸಬೇಡಿ ಎಂದು ಡಾಕ್ಟರು ಮನೆಗೆ ಕಳಿಸಿದಾಗ, ಅಯ್ಯೋ ಪಾಪ ಎಂದವರೇ ಅವಳನ್ನು ಕಂಡು ಸೆರಗು ಮೂಗಿಗೆ ಹಿಡಿದರು. ಸೊಸೆ ತಟ್ಟೆ ಬೇರೆ ಮಾಡಿದಳು.

ನಾನು ಹೋಗಿ ಪಕ್ಕದಲ್ಲೇ ಕೂತೆ.

"ಹೊಸಕೋಟೆ ಹೆಂಗಿತ್ತೇ?"

"ನೀನೂ ನೋಡ್ದಾ?"

"ನೋಡ್ದೆ. ಅದು ನನ್ನ ಮೊಮ್ಮಗಳು."

"ಅಲ್ಲೆಲ್ಲ ಮೂಗಿಗೆ ಮಾಸ್ಕು, ಯಾರು ಯಾರು ಅಂತ ಗೊತ್ತಾಗ್ಬೇಕಲ್ಲ! ಗೊತ್ತಾಗಿದ್ರೆ ಕಚ್ಚಿ ಓಡ್ತಿದ್ದೆ." ಚೇಳಿನ ಮೇಲೆ ಸೆರಗು ಎಳೆದುಕೊಂಡು ಹೇಳಿದಳು: "ದೊಡ್ಡ ಡಾಕ್ಟ್ರಿಗೆ ತೋರ್ಸೋಕೆ ಫೋಟೋ ತೆಗೀತಾಳೆ ಅಂದ್ಕೊಂಡೆ ಕಣೇ. ಸರಿಯಾಗಿ ಬರ್ಲಿ ಅಂತ ನಾನೇ ಕೈನ ಬೆಳಕಿಗೆ ಹಿಡಿದೆ."

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡರು ಎಂಬ ಗಾದೆಯನ್ನು ನಾನು ಬಹಳ ಜನಕ್ಕೆ ಅಂದಿದ್ದೇನೆ. ಅವತ್ತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಇನ್ನು ಆ ಆಸ್ಪತ್ರೆ ಹೊಸ್ತಿಲು ತುಳಿಯಲ್ಲ," ಎಂದಳು. "ಮಾತ್ರೇನೂ ಬೇಡ, ಏನೂ ಬೇಡ."

ಇದಕ್ಕೆ ಹೆದರಿದೆ. ನನ್ನ ಮೈದುನ ಇದೇ ಕಾಯಿಲೆಗೆ ಅರ್ಧ ಮಾತ್ರೆ ನುಂಗಿ, ವಾಸಿಯಾಯಿತೆಂದು ಬಿಟ್ಟ. ಕೆಮ್ಮು ಮರಳಿ ಬಂದಾಗ ಅದೇ ಮಾತ್ರೆ ಅವನ ಮಾತು ಕೇಳಲಿಲ್ಲ. ಮಣ್ಣು ಮಾಡಿ ಬಂದೆವು.

ಸಿಂಧುಗೆ ಫೋನು ಮಾಡಿಸಿದೆ. ಅತ್ತಳು. ಅಳಲಿ ಎಂದು ಬಿಟ್ಟೆ.

"ಆ ಫೋಟೋ ಅಳಿಸಿಬಿಟ್ಟೆ ಅಜ್ಜಿ. ಮುಖಾನೇ ಹಾಕಿರ್ಲಿಲ್ಲ. ಫೋಟೋ ತೆಗೀಬೇಡಿ ಅಂತ ಕಾಲೇಜಲ್ಲಿ ಹೇಳಿದ್ರು, ಮುಖ ಬರ್ದಿದ್ರೆ ಪರ್ವಾಗಿಲ್ಲ ಅಂದ್ಕೊಂಡೆ. ಕ್ಷಮೆ ಕೇಳಿ ಒಂದು ವಿಡಿಯೋ ಹಾಕ್ಲಾ?"

"ಹಾಕು. ನೋಡ್ದೆ ಉಳ್ಕೊಂಡೋರು ಯಾರಾದ್ರೂ ಇದ್ರೆ ಅವ್ರೂ ನೋಡ್ಲಿ."

ಆಮೇಲೆ ಆ ಹಚ್ಚೆಯವಳು ಬಹಳ ನೆನಪಾದಳು. ಸೂಜಿ ಊರುವ ಮೊದಲು, ಎಷ್ಟೇ ಚಿಕ್ಕ ಹುಡುಗಿಯಾದರೂ, ಕೇಳುತ್ತಿದ್ದಳು: "ಇದು ಹೋಗಲ್ಲ ತಾಯಿ, ಸುಡುಗಾಡಿಗೂ ಜೊತೆಗೆ ಬರ್ತದೆ. ಹಾಕ್ಲಾ?" ನೋವಾಗುತ್ತದೆ, ರಕ್ತ ಬರುತ್ತದೆ; ಆದ್ದರಿಂದ ಕೇಳುವುದು ನೆನಪಿರುತ್ತದೆ. ಫೋನಿನಲ್ಲಿ ಒತ್ತುವವರಿಗೆ ನೋವಿಲ್ಲ. ಅಳಿಸಲು ಗುಂಡಿಯೂ ಇದೆ. ಬೀದಿಯ ತಲೆಯೊಳಗೆ ಅಂಥ ಗುಂಡಿಯನ್ನು ಯಾರೂ ಕೂರಿಸಿಲ್ಲ. ಗಂಡನಿಗೆ ತೋರಿಸದ ಮೈಯನ್ನು ಡಾಕ್ಟರಿಗೆ ತೋರಿಸುತ್ತೇವೆ, ಆ ಕೋಣೆಯದು ಆ ಕೋಣೆಯಲ್ಲೇ ಇರುತ್ತದೆ ಎಂಬ ಒಂದೇ ನಂಬಿಕೆಯಿಂದ. ಹುಡುಗಿ ಕೆಟ್ಟವಳಲ್ಲ. ಧೈರ್ಯ ಕಲಿತೆ ಎಂದು ಬರೆದದ್ದೂ ಸುಳ್ಳಿರಲಾರದು. ಆದರೆ ಕಲಿತದ್ದನ್ನು ಆ ಮುದುಕಿಗೆ ಹೇಳಬಹುದಿತ್ತು. ಅವಳು ಪಕ್ಕದಲ್ಲೇ ಇದ್ದಳು.

ಭಾನುವಾರ ಸಿಂಧು ಬಂದಳು, ಪಾಪಮ್ಮನ ಮನೆಗೆ ಕರೆದುಕೊಂಡು ಹೋದೆ. ಪಾಪಮ್ಮ ಒಳಗೆ ಕರೆಯುವ ಮುಂಚೆ "ಫೋನು ನಿಮ್ಮಜ್ಜಿ ಕೈಗೆ ಕೊಡು" ಎಂದಳು. ಕೊಟ್ಟಳು. ಹುಡುಗಿ ನೆಲದ ಮೇಲೆ ಕೂತು, ತಲೆ ತಗ್ಗಿಸಿ ಹೇಳಿದಳು: "ತಪ್ಪಾಯ್ತು ಅಜ್ಜಿ. ನನ್ನ ಮೇಲಿನ ಸಿಟ್ಟನ್ನ ಮಾತ್ರೆ ಮೇಲೆ ತೀರಿಸ್ಕೋಬೇಡಿ. ನನ್ನ ಮೇಲೆ ದೂರು ಕೊಡಿ ಬೇಕಾದ್ರೆ, ಎಲ್ಲಿ ಕೊಡ್ಬೇಕು ಅಂತ ನಾನೇ ತೋರಿಸ್ತೀನಿ."

ಪಾಪಮ್ಮ ಕೆಮ್ಮಿದಳು. ಹುಡುಗಿ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿ, "ನಾಡಿ ನೋಡ್ಲಾ?" ಎಂದು ಕೇಳಿದಳು.

"ನೋಡೇ, ಈಗ ಕೇಳ್ತಾಳೆ!" ಎಂದು ಪಾಪಮ್ಮ ನನ್ನ ಕಡೆ ತಿರುಗಿದಳು. "ಅವತ್ತು ನೀನು ಇನ್ನಷ್ಟು ಬಿಗಿಯಾಗಿ ಹಿಡಿದಿದ್ರೆ ಈ ಚೇಳಿಗೆ ಕೊಂಡಿ ಇರೋದು. ಆಗ ನೋಡ್ಬೋದಿತ್ತು ಯಾರು ಮುಟ್ತಾರೆ ಅಂತ." ಕೈ ಮುಂದೆ ಮಾಡಿದಳು. "ಬರ್ತೀನಿ ಆಸ್ಪತ್ರೆಗೆ. ನಿನಗೋಸ್ಕರ ಅಲ್ಲ ಮಗಾ. ನನಗೆ ಸಾಯೋಕೆ ಇಷ್ಟ ಇಲ್ಲ."

ಈಗ ಅವಳು ಶಿವಾಜಿನಗರದಲ್ಲಿ ಬಸ್ಸು ಬದಲಾಯಿಸಿಕೊಂಡು ಹೋಗಿ ಬರುತ್ತಾಳೆ. ಜೊತೆಗೆ ನಾನೂ ಹೋಗುತ್ತೇನೆ. ಮೊನ್ನೆ ಏಪ್ರಿಲ್ ಬಿಸಿಲಿನಲ್ಲೂ ಮಗನ ಉದ್ದ ತೋಳಿನ ಸ್ವೆಟರ್ ತೊಟ್ಟು, ಚೇಳು ಮುಚ್ಚಿಕೊಂಡು ಹೊರಟಿದ್ದಳು.

"ಬೇಯ್ತಾ ಇದೀಯಲ್ಲೇ, ಬಿಚ್ಚು" ಎಂದೆ.

"ಬಿಚ್ತೀನಿ. ನಿನ್ನ ಮೊಮ್ಮಗಳು ಕೇಳೋದನ್ನ ಮರೀದೆ ಇದ್ರೆ, ಬರೋ ಚಳಿಗಾಲಕ್ಕೆ."