ಮಾಯವ್ವನ ಹೆಬ್ಬೆಟ್ಟು

ಅಂಗವಿಕಲರಿಗೆ ಭೇದ ಮಾಡಬಾರದೆಂಬ ಮಸೂದೆ ದಿಲ್ಲಿಯಲ್ಲೇ ಕೂತಿದೆ, ಬೇಗ ಕಾಯ್ದೆ ಮಾಡಿ ಎಂದು ಕೇಳಲು 2015ರಲ್ಲಿ ಬನಹಟ್ಟಿಯಲ್ಲೊಂದು ಸಭೆ ಸೇರಿತ್ತು. ನಿವೃತ್ತ ಹೆಡ್‌ಮಾಸ್ತರ ಧರ್ಮರಾಜರದು ಭಾಷಣ. "ಸಾಲಿ ಬಾಗಲಾ ಎಲ್ಲಾರಿಗೂ ತೆರದಿರಬೇಕು" ಎಂದಾಗ ಜೋರು ಚಪ್ಪಾಳೆ ಬಿತ್ತು.

ಆಮೇಲೆ ಜನ ಮನವಿಗೆ ಸಹಿ ಹಾಕತೊಡಗಿದರು. ಕೈಯೂರಿ ತೆವಳುತ್ತ ಬಂದ ಹೆಂಗಸೊಬ್ಬಳು ಪೆನ್ನು ಬೇಡವೆಂದು ಹೆಬ್ಬೆರಳು ಚಾಚಿದಳು. "ನಾ ಮಾಯವ್ವರಿ, ಜಕ್ಕಪ್ಪನ ಮಗಳು. ಗುರ್ತು ಸಿಕ್ಕಿತೇನ್ರಿ ಮಾಸ್ತರ?"

ಸಿಕ್ಕಿತ್ತು. ಹದಿನೆಂಟು ವರ್ಷದ ಹಿಂದೆ ಜಕ್ಕಪ್ಪ ಪೋಲಿಯೊ ಆದ ಈ ಮಗಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ತಂದಿದ್ದ. "ಇಕಿನ್ನ ಇಲ್ಲಿ ಯಾರು ನೋಡ್ಕೋತಾರ? ಮನ್ಯಾಗ ಇರಲಿ ಬಿಡು" ಎಂದು ತಿರುಗಿ ಕಳಿಸಿದವರು ಇದೇ ಧರ್ಮರಾಜರು.

"ಇಲ್ಲವ್ವಾ, ನೆನಪಿಲ್ಲ" ಎಂದುಬಿಟ್ಟರು. ಅವಳ ಬೆರಳಿಗೆ ಮಸಿ ಹಚ್ಚುವಾಗ ತಲೆ ಎತ್ತಲಾಗಲಿಲ್ಲ.

ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಬಸ್ಸು ಹತ್ತಿ ಅವಳ ಹಳ್ಳಿಗೆ ಹೋದರು. ಮಾಯವ್ವ ಹೊಸ್ತಿಲ ಬಳಿ ಕೂತು, ರಾಟಿ ತಿರುಗಿಸುತ್ತ, ಮಗ್ಗದ ನೂಲನ್ನು ಕಂಡಿಕೆಯ ಪುಟ್ಟ ಕೊಳವೆಗೆ ಸುತ್ತುತ್ತಿದ್ದಳು.

"ಅವತ್ತ ಸುಳ್ಳು ಹೇಳಿದೆನವ್ವಾ. ನಿನ್ನ ಗುರ್ತು ಸಿಕ್ಕಿತ್ತು. ನಿನ್ನ ಸಾಲಿ ತಪ್ಪಿಸಿದಾಂವ ನಾನ."

"ಗೊತ್ತೈತ್ರಿ" ಎಂದಳು ಮಾಯವ್ವ, ರಾಟಿ ನಿಲ್ಲಿಸದೆ. "ಮಾಸ್ತರು ತಿಳೀದನ ಹೇಳ್ತಾರೇನು ಅಂತ ನಮ್ಮಪ್ಪ ಬ್ಯಾರೆ ಸಾಲಿಗೂ ಒಯ್ಯಲಿಲ್ಲ."

ಧರ್ಮರಾಜರು ಅವಳೆದುರು ಕುಕ್ಕರಿಸಿದರು. "ಈಗ ನಾ ಏನ್ ಮಾಡ್ಲವ್ವಾ?"

"ತನ್ನಿಂದನ ಮಗಳು ಕಲೀಲಿಲ್ಲ ಅಂತ ಅಪ್ಪ ಇನ್ನೂ ಕೊರಗ್ತಾನ. ತಪ್ಪು ಅವಂದಲ್ಲ ಅಂತ ಅವಗ ಹೇಳ್ರಿ. ಒಳಗ ಅದಾನ."

ಧರ್ಮರಾಜರು ಚಪ್ಪಲಿ ಬಿಟ್ಟು ಒಳಗೆ ಹೋದರು.