ಪಂಪು ಮುಂದೆ, ಉಪ್ಪಿಟ್ಟು ಹಿಂದೆ

"ಎಲ್ಲಿ ಹೋಗಿದ್ರಿ ಮೇಡಂ? ಟಿಫಿನ್ ನಿಮ್ಮ ಹತ್ರ ಐತಿ ಅನ್ನೋ ಖಬರ್ ಬ್ಯಾಡೇನ್ರಿ?"

ಕಳೆದ ಭಾನುವಾರ ಬೆಳಿಗ್ಗೆ, ಬಾಗಳಿಯ ಆಚೆ ಒಂದು ಗುಡ್ಡದ ಕೆಳಗೆ, ಪಂಕ್ಚರ್ ಆದ ಸೈಕಲ್ಲನ್ನು ಮೂರು ಕಿಲೋಮೀಟರ್ ತಳ್ಳಿಕೊಂಡು ಬಂದ ನನಗೆ ಸಿಕ್ಕ ಸ್ವಾಗತ ಇದು. ಹಾಗೆ ಕೇಳಿದವರು ನಮ್ಮ ಕ್ಯಾಪ್ಟನ್ ಕೊಟ್ರೇಶಣ್ಣ. ಅವರ ಬೆನ್ನ ಮೇಲಿನ ಬ್ಯಾಗಿನಲ್ಲಿ ಎರಡು ಪಂಪುಗಳಿದ್ದವು.

ಎರಡು! ಒಂದು ಅವರದು. ಇನ್ನೊಂದು ನನ್ನದು.

ಈ ವಾರದ ಅಂಕಣವನ್ನು ಸಮಾಧಾನವಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ಕ್ಷಮಿಸಿ. ಅಲ್ಲ, ಕ್ಷಮೆ ಯಾಕೆ ಕೇಳಲಿ? ಸಿಟ್ಟು ಬಂದಿದೆ, ಅಷ್ಟೇ.

ಹರಪನಹಳ್ಳಿಯಲ್ಲಿ ನಮ್ಮದೊಂದು ಸೈಕಲ್ ಗುಂಪು ಇರುವುದು ನಿಮಗೆ ಗೊತ್ತು. (ನನ್ನ ಮೊಣಕಾಲು ನೋವಿನ ಬಗ್ಗೆ ಬರೆದಾಗ ಅರ್ಧ ಊರು ಒಂದೊಂದು ಎಣ್ಣೆಯ ಹೆಸರು ಹೇಳಿತ್ತು.) ದಪ್ಪ ಟೈರಿನ ಗೇರ್ ಸೈಕಲ್ಲುಗಳು. ಭಾನುವಾರ ಬೆಳಿಗ್ಗೆ ಡಾಂಬರು ಬಿಟ್ಟು ಬಂಡಿದಾರಿ ಹಿಡಿಯುತ್ತೇವೆ. ಗುಡ್ಡ, ಹಳ್ಳ, ಮೆಕ್ಕೆಜೋಳದ ಹೊಲದ ಬದು. ಒಟ್ಟು ಐದು ಜನ. ನಾಲ್ವರು ಗಂಡಸರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನೊಬ್ಬಳು ಹೆಂಗಸು. ಕೊಟ್ರೇಶಣ್ಣ ಮೆಕ್ಕೆಜೋಳದ ವ್ಯಾಪಾರಿ. ಎಲ್ಲರಿಗಿಂತ ಜೋರಾಗಿ ತುಳಿಯುತ್ತಾರೆ, ಹಾಗಾಗಿ ಕ್ಯಾಪ್ಟನ್. (ಆರಿಸಿದವರು ಯಾರು? ಅವರೇ.)

ಇತ್ತೀಚೆಗೆ ಅವರಿಗೆ ಭಾರದ ಹುಚ್ಚು ಹಿಡಿದಿದೆ. ಯಾವುದೋ ಯೂಟ್ಯೂಬ್ ಚಾನೆಲ್ ನೋಡಿ, ಸೈಕಲ್ ಮೇಲೆ ಒಂದೊಂದು ಗ್ರಾಮೂ ಲೆಕ್ಕ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅವರ ಅಂಗಡಿಯ ಮುಂದೆ ಸೇರಿದೆವಲ್ಲ, ಏನು ಮಾಡಿದರು ಗೊತ್ತೆ? ಮೆಕ್ಕೆಜೋಳದ ಚೀಲ ತೂಗುವ ಕಾಟಾದ ಮೇಲೆ ನಮ್ಮ ಬ್ಯಾಗುಗಳನ್ನು ಒಂದೊಂದಾಗಿ ಇಟ್ಟು ತೂಗಿದರು!

ಮೊದಲು ವೀರಭದ್ರಪ್ಪ ಸರ್ ಬ್ಯಾಗು. ಸರ್ ನಿವೃತ್ತ ಪೋಸ್ಟ್ ಮಾಸ್ಟರ್. ಬಹಳ ವರ್ಷದಿಂದ ಶುಗರ್ ಇದೆ. ಯಾರಿಗೂ ಎದುರು ಮಾತಾಡದ ಮನುಷ್ಯ. ಅವರ ಬ್ಯಾಗಿನಲ್ಲಿ ಒಂದು ಗ್ಲೂಕೋಸ್ ಪ್ಯಾಕೆಟ್, ಒಂದು ಡಬ್ಬಿಯಲ್ಲಿ ಶೇಂಗಾ-ಬೆಲ್ಲ.

"ಇದ್ಯಾಕ್ರಿ ಸರ್? ತಿನ್ನೋದೆಲ್ಲ ಮೇಡಂ ತರ್ತಾರಲ್ಲ. ತೆಗೀರಿ," ಎಂದರು ಕ್ಯಾಪ್ಟನ್. ಸರ್ ನಕ್ಕು ಎರಡನ್ನೂ ಅಂಗಡಿಯ ಗಲ್ಲಾದ ಪಕ್ಕ ಇಟ್ಟರು.

ಆಮೇಲೆ ನನ್ನ ಬ್ಯಾಗು. ಐದು ಜನರ ಉಪ್ಪಿಟ್ಟಿನ ಸ್ಟೀಲ್ ಡಬ್ಬಿ, ಒಂದು ಡಜನ್ ಬಾಳೆಹಣ್ಣು, ಸರ್ ಸಲುವಾಗಿ ಸಕ್ಕರೆ ಹಾಕದ ಚಹಾದ ಫ್ಲಾಸ್ಕು. ಅದರ ಜೊತೆಗೆ ನನ್ನ ಪಂಪು, ಒಂದು ಟ್ಯೂಬು, ಟೈರ್ ಬಿಚ್ಚುವ ಎರಡು ಕಡ್ಡಿ. ಕಾಟಾದ ಕೆಂಪು ಅಂಕಿ ನೋಡಿ ಕ್ಯಾಪ್ಟನ್ ತಲೆ ಅಲ್ಲಾಡಿಸಿದರು.

"ಜಾಸ್ತಿ ಆತ್ರಿ ಮೇಡಂ. ಪಂಪು, ಟ್ಯೂಬು ನನ್ನ ಕಡೆ ಕೊಡ್ರಿ. ಟೂಲ್ ಎಲ್ಲಾ ಒಂದೇ ಕಡೆ ಇದ್ರೆ ಚಲೋ."

ಉಪ್ಪಿಟ್ಟು ಜಾಸ್ತಿ ಆಯಿತು ಎಂದು ಯಾರಾದರೂ ಅಂದರಾ? ಆ ನಾಲ್ವರಲ್ಲಿ ಒಬ್ಬರಾದರೂ ಡಬ್ಬಿ ನನಗೆ ಕೊಡಿ ಅಂದರಾ? ಊಹೂಂ. ಟೂಲ್ ಗಂಡಸರದು, ಟಿಫಿನ್ ಹೆಂಗಸರದು. ಈ ಹಂಚಿಕೆ ಯಾವ ಕಾಟಾದ ಮೇಲೆ ಆಯಿತೋ ನನಗೆ ಗೊತ್ತಿಲ್ಲ. ಆದರೆ ಪಂಪನ್ನು ಹೊರಗೆ ತೆಗೆದು ಕೊಟ್ಟ ಕೈ ನನ್ನದೇ. ಬೆಳಿಗ್ಗೆ ಬೆಳಿಗ್ಗೆ ಜಗಳ ಯಾಕೆ ಅಂದುಕೊಂಡೆ. ಇಡೀ ವಾರ ನನ್ನ ಮೇಲೆ ನನಗೇ ಸಿಟ್ಟು ಬಂದಿರುವುದು ಅದಕ್ಕೆ.

ಬಾಗಳಿ ದಾಟಿ, ಹಡಗಲಿ ಕಡೆಯ ಬಂಡಿದಾರಿಗೆ ಇಳಿದೆವು. ಕ್ಯಾಪ್ಟನ್ ಎಂದಿನಂತೆ ಹಾರಿಕೊಂಡು ಹೋದರು. ಉಳಿದ ಮೂವರು ಅವರ ಬೆನ್ನು ಹತ್ತಿದರು. ಬೆನ್ನ ಮೇಲೆ ಐದು ಜನರ ಹೊಟ್ಟೆ ಹೊತ್ತ ನಾನು ಹಿಂದೆ ಉಳಿದೆ. ಉಳಿಯದೇ ಇನ್ನೇನು?

ಎಂಟು ಗಂಟೆ ಹೊತ್ತಿಗೆ ಹಿಂದಿನ ಟೈರು ಸುಸ್ ಎಂದು ಕೂತೇಬಿಟ್ಟಿತು. ಜಾಲಿ ಮುಳ್ಳು. ಕೂಗಿದೆ, ಯಾರಿಗೂ ಕೇಳಲಿಲ್ಲ. ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಬ್ಯಾಗಿನಲ್ಲಿ ಬಿಸಿ ಬಿಸಿ ಉಪ್ಪಿಟ್ಟು ಇತ್ತು. ಟೈರಿಗೆ ಅದನ್ನೇ ತುಂಬಬೇಕಿತ್ತೆ?

ಆಗ ಎದುರಿಗೆ ಬಂದದ್ದು ಒಂದು ಕುರಿ ಮಂದೆ. ಮುಂದೆ ಒಬ್ಬ ಗಂಡಸು, ಮಂದೆಯ ಹಿಂದೆ ಅವನ ಹೆಂಡತಿ. ಹೆಸರು ಮಾಳವ್ವ ಎಂದಳು. ಟೈರು ನೋಡಿ, ಸೊಂಟದಲ್ಲಿ ಸಿಕ್ಕಿಸಿದ್ದ ಸಂಚಿಯಿಂದ ಚಿಮಟಿಗೆ ತೆಗೆದು ಮುಳ್ಳು ಕಿತ್ತುಕೊಟ್ಟಳು. ಕುರಿ ಕಾಲಿಗೆ ಮುಳ್ಳು ಹೊಕ್ಕರೆ ತೆಗೆಯುವ ಚಿಮಟಿಗೆ ಅದು.

"ಗಾಳಿ ಹೊಡಿಯೋದು ಇಲ್ಲೇನವ್ವಾ?"

"ಐತಿ. ಮುಂದೆ ಹೋದವರ ಹತ್ರ ಐತಿ."

"ಮುಂದಿನೋರಿಗೆ ಅದ್ಯಾಕ ಬೇಕು?" ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನಮ್ಮ ಮಂದ್ಯಾಗ ಮುಂದಿನೋನ ಕೈಯಾಗ ಬರೇ ಕೋಲು. ಚಿಮಟಿಗಿ, ಔಷಧಿ, ನೀರು ಎಲ್ಲಾ ಹಿಂದಿನೋರ ಹತ್ರ. ಕುಂಟೋ ಕುರಿ ಹಿಂದಲ್ಲೇನವ್ವಾ ಉಳಿಯೋದು?"

ಯೂಟ್ಯೂಬ್ ಇಲ್ಲದ ಹೆಂಗಸು. ಕಾಟಾ ಇಲ್ಲದ ಹೆಂಗಸು. ಯಾವ ಸಾಮಾನು ಯಾರ ಹತ್ತಿರ ಇರಬೇಕು ಎಂಬುದು ಅವಳಿಗೆ ಗೊತ್ತಿದೆ. ಐದು ವರ್ಷದಿಂದ ಸೈಕಲ್ ತುಳಿಯುತ್ತಿರುವ ನಮಗೆ ಗೊತ್ತಿಲ್ಲ.

ಅವಳಿಗೆ ನಾಲ್ಕು ಬಾಳೆಹಣ್ಣು ಕೊಟ್ಟೆ. ಕೊಟ್ಟವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಸಂಚಿಯಿಂದ ಒಂದು ಉಂಡೆ ಬೆಲ್ಲ ತೆಗೆದು ನನ್ನ ಕೈಗಿಟ್ಟಳು. ಆ ಬೆಲ್ಲ ಜೇಬಿಗೆ ಹಾಕಿಕೊಂಡು ಸೈಕಲ್ ತಳ್ಳತೊಡಗಿದೆ. ದಾರಿ ಉದ್ದಕ್ಕೂ ಒಂದೇ ಆಸೆ: ಯಾರಾದರೂ ವಾಪಸ್ ಬರುತ್ತಾರೆ. ಯಾರೂ ಬರಲಿಲ್ಲ.

ಒಂಬತ್ತು ದಾಟಿತ್ತು. ಬೇವಿನ ಮರದ ಕೆಳಗೆ ನಾಲ್ಕು ಸೈಕಲ್ಲು ಕಂಡವು. ಕ್ಯಾಪ್ಟನ್ ಓಡಿ ಬಂದು ಮೇಲಿನ ಪ್ರಶ್ನೆ ಕೇಳಿದರು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹಿಂದೆ ನೆಲದ ಮೇಲೆ ಕೂತಿದ್ದ ವೀರಭದ್ರಪ್ಪ ಸರ್ ಕಣ್ಣಿಗೆ ಬಿದ್ದರು. ಮೈಯೆಲ್ಲ ಬೆವರು. ಕೈ ಗಡಗಡ ನಡುಗುತ್ತಿದೆ. ನನ್ನನ್ನು ನೋಡಿ, "ಟಪಾಲು ಬಂತೇನಮ್ಮ?" ಎಂದರು.

ಸೈಕಲ್ಲನ್ನು ಅಲ್ಲೇ ಬಿಟ್ಟು ಅವರ ಹತ್ತಿರ ಓಡಿದೆ.

ಎಂಟು ಗಂಟೆಗೆ ಟಿಫಿನ್ ಸಿಗುತ್ತದೆ ಎಂದು ನಂಬಿ ಬೆಳಿಗ್ಗೆಯೇ ಶುಗರ್ ಮಾತ್ರೆ ನುಂಗಿ ಬಂದಿದ್ದಾರೆ. ಗುಡ್ಡ ಹತ್ತಿದ್ದಾರೆ. ಹೊಟ್ಟೆ ಖಾಲಿ. ಉಳಿದಿಬ್ಬರು ಬಿಸಿಲು ಬಡಿದಿದೆ ಎಂದು ಅವರ ತಲೆಗೆ ನೀರು ಸುರಿಯುತ್ತಿದ್ದಾರೆ! ಬಿಸಿಲಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿದೆ, ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಎಚ್ಚರ ತಪ್ಪುತ್ತಾರೆ ಎಂದು ಕಿರುಚಿದೆ. ಜೇಬಿನ ಬೆಲ್ಲ ಕುಟ್ಟಿ ನೀರಿಗೆ ಕದಡಿ, ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ನನ್ನ ಕೈ ಮೇಲೇ ಚೆಲ್ಲಿತು.

ಕಾಲು ಗಂಟೆ ಆದ ಮೇಲೆ ಅವರ ಕಣ್ಣಿಗೆ ಕಳೆ ಬಂತು. ಸುತ್ತ ನೋಡಿದರು. "ಮೇಡಂ, ನೀವು ಯಾವಾಗ ಬಂದ್ರಿ?" ಎಂದರು. ನಾನು ಆ ಕಡೆ ತಿರುಗಿ ಅತ್ತೆ.

ಬಾಳೆಹಣ್ಣು, ಉಪ್ಪಿಟ್ಟು ತಿನ್ನಿಸಿ, ಹತ್ತಿರದ ಹಳ್ಳಿಯಿಂದ ಆಟೋ ತರಿಸಿ ಅವರನ್ನು ಊರಿನ ಆಸ್ಪತ್ರೆಗೆ ಕಳಿಸಿದೆವು. ಈಗ ಆರಾಮಿದ್ದಾರೆ. ಆದರೆ ನಾನು ಇನ್ನೂ ಒಂದು ಕಿಲೋಮೀಟರ್ ಹಿಂದೆ ಇದ್ದಿದ್ದರೆ? ಮಾಳವ್ವ ಬೇರೆ ದಾರಿ ಹಿಡಿದಿದ್ದರೆ? ಪಂಪು ಮುಂದೆ ಇದ್ದದ್ದರಿಂದ ಉಪ್ಪಿಟ್ಟು ಹಿಂದೆ ಉಳಿಯಿತು. ಉಪ್ಪಿಟ್ಟು ಹಿಂದೆ ಉಳಿದದ್ದರಿಂದ ಮುಂದಿದ್ದವರೊಬ್ಬರ ಜೀವ ಹೋಗುವುದರಲ್ಲಿತ್ತು. ಇಷ್ಟು ಯೋಚಿಸಲು ಎಷ್ಟು ಗ್ರಾಮ್ ಬುದ್ಧಿ ಬೇಕು ಹೇಳಿ?

ಅಂದಹಾಗೆ, ಕ್ಯಾಪ್ಟನ್ ಬ್ಯಾಗಿನಲ್ಲಿ ಇನ್ನೇನಿತ್ತು? ಚೈನ್ ಕತ್ತರಿಸುವ ಟೂಲು, ಎಣ್ಣೆ ಬಾಟಲಿ, ಮೂರು ಟ್ಯೂಬು. ಮತ್ತೆ ಡ್ರೋನ್. ಹೌದು ಸ್ವಾಮಿ, ಡ್ರೋನ್! ಅದನ್ನು ಮಾತ್ರ ಕಾಟಾದ ಮೇಲೆ ಇಟ್ಟಿರಲಿಲ್ಲ.

ಸರ್ ಸೋಮವಾರ ಫೋನ್ ಮಾಡಿದ್ದರು. "ನಂದೂ ತಪ್ಪೈತಿ ಮೇಡಂ. ಆ ಬೆಲ್ಲದ ಡಬ್ಬಿ ನಾನು ಬಿಡಬಾರದಿತ್ತು," ಎಂದರು. ಅವರ ಧ್ವನಿ ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಒಪ್ಪಿಕೊಂಡವರು ಅವರೊಬ್ಬರೇ.

ನಾನು ಈಗ ಬ್ಯಾಗು ಕಟ್ಟಿಟ್ಟಿದ್ದೇನೆ. ಪಂಪು, ಟ್ಯೂಬು, ಟೈರಿನ ಕಡ್ಡಿ, ತೇಪೆ, ನೀರು, ಬೆಲ್ಲ. ಕಮ್ಮಾರರ ಹತ್ತಿರ ಹೇಳಿ ಮಾಡಿಸಿದ ಒಂದು ಚಿಮಟಿಗೆ. ಉಪ್ಪಿಟ್ಟು ಒಬ್ಬಳಿಗೆ ಸಾಕಾಗುವಷ್ಟು. ಇದನ್ನು ತೂಗಲು ಯಾರಾದರೂ ಕಾಟಾ ಮುಂದೆ ತಂದರೆ ಅವರನ್ನೇ ಅದರ ಮೇಲೆ ಕೂರಿಸುತ್ತೇನೆ.

ಗುರುವಾರ ಕ್ಯಾಪ್ಟನ್ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಹಾಕಿದ್ದಾರೆ. ಟಿಫಿನ್‌ಗೆ ಕಾಯುತ್ತಾ ಬೇವಿನ ಮರದ ಹತ್ತಿರ ಡ್ರೋನ್ ಹಾರಿಸಿ ತೆಗೆದದ್ದಂತೆ. ಹಿಂದೆ ಹಾಡು ಬೇರೆ. ಉಳಿದಿಬ್ಬರು ಹೆಬ್ಬೆರಳು ಒತ್ತಿದ್ದಾರೆ. ನಾನು ನಾಲ್ಕು ಸಲ ನೋಡಿದೆ. ಮರದ ಕೆಳಗೆ ನಾಲ್ಕು ಸೈಕಲ್ಲು. ತಲೆ ಹಿಡಿದುಕೊಂಡು ಕೂತ ಸರ್. ಚಿತ್ರದ ಮೇಲಿನ ಮೂಲೆಯಲ್ಲಿ, ದೂರದ ಬಂಡಿದಾರಿಯಲ್ಲಿ, ಸೈಕಲ್ ತಳ್ಳಿಕೊಂಡು ಬರುತ್ತಿರುವ ಒಂದು ಕೆಂಪು ಚುಕ್ಕೆ. ನನ್ನ ಟೀ ಶರ್ಟು ಕೆಂಪು.

ಹಿಂದೆ ಉಳಿದವರನ್ನು ಒಮ್ಮೆ ತಿರುಗಿ ನೋಡಲು ಯಾವ ಟೂಲ್ ಬೇಕು ಕೊಟ್ರೇಶಣ್ಣ?